ಕುಡಿತದ ಚಿಕಿತ್ಸೆ ಬಗ್ಗೆ ಹರಿದಾಡುತ್ತಿರುವ ಮೆಸೇಜು: ಒಂದು ಸ್ಪಷ್ಟನೆ

"ಕುಡಿತ ಬಿಡಿಸಲು ಸರ್ಕಾರಿ ಆಸ್ಪತ್ರೆಗೆ ಹೋದರೆ ಹೆಸರು ಪೊಲೀಸರಿಗೆ ಹೋಗುತ್ತದೆ, ರೇಷನ್ ಕಾರ್ಡ್ ರದ್ದಾಗುತ್ತದೆ. ಮೂರು ದಿನ ರೂಮಿನಲ್ಲಿ ಕೂಡಿಹಾಕಿ, ತಾನೇ ಬಿಡುತ್ತಾರೆ" ಎಂಬ ವಾಟ್ಸಾಪ್ ಮೆಸೇಜು ಓಡಾಡುತ್ತಿದೆ. ಎರಡೂ ಮಾತು ತಪ್ಪು.

ನಾನು ಮಾನಸಿಕ ಆರೋಗ್ಯ ವಿಭಾಗದ ನರ್ಸ್. ವ್ಯಸನದ ಚಿಕಿತ್ಸೆ ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಎಂಬುದೇ ನನ್ನ ಸಂಶೋಧನೆಯ ವಿಷಯ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗೂ ಅನ್ವಯಿಸುತ್ತದೆ. ಅದರ 23ನೇ ಸೆಕ್ಷನ್ ಪ್ರಕಾರ ರೋಗಿಯ ಮಾಹಿತಿ ಗುಟ್ಟಾಗಿರಬೇಕು. ಜೀವಕ್ಕೆ ಅಪಾಯ, ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಮಾತ್ರ ಹೊರತು. ಚಿಕಿತ್ಸೆ ಪಡೆದರೆಂದು ರೇಷನ್ ಕಾರ್ಡ್ ಕಿತ್ತುಕೊಳ್ಳುವ ನಿಯಮವೇ ಇಲ್ಲ.

ಕೂಡಿಹಾಕುವುದಂತೂ ಜೀವಕ್ಕೇ ಕುತ್ತು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನೀರಿನ ಲೋಟ ಹಿಡಿಯಲೂ ಆಗುವುದಿಲ್ಲ. ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಗೋಡೆ ತುಂಬ ಹುಳ ಹರಿದಂತೆ ಕಾಣುತ್ತದೆ, ಹಗಲು ರಾತ್ರಿ ಗೊತ್ತಾಗುವುದಿಲ್ಲ. ವಾರ್ಡಿನಲ್ಲಾದರೆ ನಡುಕಕ್ಕೆ ಔಷಧಿ, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಟ್ಟು ಬಿಪಿ, ನಾಡಿ ನೋಡುತ್ತಾ ಇರುತ್ತೇವೆ. ಬೀಗ ಹಾಕಿದ ರೂಮಿನಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ?

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯದ ಚಟ ಅಂಟಿದ 38 ಜನರಲ್ಲಿ ಒಬ್ಬರಿಗಷ್ಟೇ ಚಿಕಿತ್ಸೆ ಸಿಕ್ಕಿದೆ. ರೇಷನ್ ಕಾರ್ಡಿನ ಭಯ ತಟ್ಟುವುದು ಬಡವರಿಗೇ ಅಲ್ವಾ? ಅದಕ್ಕೇ ಈ ಮೆಸೇಜು ನೋಡಿ ಸಂಕಟವಾಯಿತು.

ದಯವಿಟ್ಟು ಆ ವಾಟ್ಸಾಪ್ ಮೆಸೇಜನ್ನು ಫಾರ್ವರ್ಡ್ ಮಾಡಬೇಡಿ. ಬಂದಿರುವ ಗ್ರೂಪಿನಲ್ಲೇ ಈ ಸ್ಪಷ್ಟನೆ ಹಾಕಿ. ಸಲಹೆ ಬೇಕಿದ್ದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.