ನಿಮ್ಮ ಮಗುವಿಗೆ ಎಷ್ಟು ಪರ್ಸೆಂಟ್?

ತುಮಕೂರು ಜಿಲ್ಲೆಯಲ್ಲಿ ಮಕ್ಕಳ ಪರ್ಸೆಂಟ್ ಕೇಳುವುದು ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಮಾತ್ರ ಅಂದುಕೊಂಡಿದ್ದರೆ ನೀವು ಪುಣ್ಯವಂತರು. ಇನ್ನೊಂದು ಪರ್ಸೆಂಟ್ ಇದೆ. ಅದು ಅಂಗವಿಕಲತೆಯ ಸರ್ಟಿಫಿಕೇಟಿನದು. 40 ಬಂದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. 39 ಬಂದರೆ ಬಿಳಿ ಕಾರ್ಡ್ ಹಿಡಿದು ಮನೆಗೆ. 40 ಆದರೆ ಹಳದಿ, 80 ಆದರೆ ನೀಲಿ. ನಮ್ಮ ಕಡೆ ರೇಷನ್ ಕಾರ್ಡಿಗೆ ಬಣ್ಣ ಇದ್ದಿದ್ದು ಸಾಲದು ಅಂತ ಮಕ್ಕಳಿಗೂ ಬಂತು ನೋಡಿ. ತಮಾಷೆ ಏನಂದ್ರೆ, ವರ್ಷಗಟ್ಟಲೆ ಬೆರಳು ಮಡಚಿ ಎಣಿಸಲು ಹೇಳಿಕೊಟ್ಟರೂ ಕಲಿಯದ ಮಗು ಸರಿಯಾಗಿ ಅವತ್ತೇ, ಪರ್ಸೆಂಟ್ ಹಾಕುವ ಡಾಕ್ಟರುಗಳ ಬೋರ್ಡಿನ ಮುಂದೆಯೇ, ಹತ್ತರವರೆಗೆ ಎಣಿಸಿಬಿಡುತ್ತದೆ. ಬೇರೆ ದಿನವಾಗಿದ್ದರೆ ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಅವತ್ತು ಮಾತ್ರ ಗಂಡನ ಮುಖ ನೋಡುತ್ತಾಳೆ.

ಬೋರ್ಡಿನ ಮುಂದೆ ಹೋಗುವುದೇ ಒಂದು ಯಾತ್ರೆ. ಪಾವಗಡದ ಆಚೆಯ ಯಾವುದೋ ಹಳ್ಳಿ ಅಂತಿಟ್ಟುಕೊಳ್ಳಿ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯೇ ಬೇರೆ ಜಿಲ್ಲೆ, ಹಾಗಾಗಿ ಶಾಲೆಯ ದೊಡ್ಡ ಸಾಹೇಬರು ಅಲ್ಲಿ. ದೊಡ್ಡಾಸ್ಪತ್ರೆ ತುಮಕೂರಿನಲ್ಲಿ, ಸುಮಾರು 100 ಕಿಲೋಮೀಟರ್. ಕೂಲಿ ಬಿಟ್ಟು, ಬಸ್ಸಲ್ಲಿ ಅಳುವ ಮಗುವನ್ನು ಸಮಾಧಾನ ಮಾಡಿ, ಪಕ್ಕದ ಸೀಟಿನವರ ಬುದ್ಧಿಮಾತು ಕೇಳಿಕೊಂಡು ಬಂದಿಳಿದರೆ, ಐಕ್ಯೂ ಟೆಸ್ಟ್ ಮಾಡುವವರು ಇವತ್ತು ಬಂದಿಲ್ಲ, ಅರ್ಜೆಂಟಿದ್ದರೆ ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬನ್ನಿ ಅಂತ ಒಂದು ಚೀಟಿ. ಮಗುವಿನ ಬುದ್ಧಿ ಎಷ್ಟಿದೆ ಅಂತ ಇನ್ನೂ ಗೊತ್ತಾಗಿಲ್ಲ. ಅಪ್ಪನ ಜೇಬಲ್ಲಿ ಎಷ್ಟಿದೆ ಅಂತ ಮಾತ್ರ ಪಕ್ಕಾ ಗೊತ್ತಾಯಿತು.

ಅಂಗವಿಕಲರ ಹಕ್ಕುಗಳ ಕಾಯ್ದೆ ಓದಿದರೆ ಮಾತ್ರ ಕಣ್ಣು ತುಂಬಿ ಬರುತ್ತದೆ, ಅಷ್ಟು ಚೆನ್ನಾಗಿದೆ. 1995ರ ಕಾಯ್ದೆಯಲ್ಲಿ ಅಂಗವಿಕಲತೆ 7 ಬಗೆ ಇತ್ತು, 2016ರದ್ದರಲ್ಲಿ 21. ಆಟಿಸಂ ಇದೆ, ಓದು ಬರಹದ ಕಲಿಕಾ ನ್ಯೂನತೆಯೂ ಇದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಹಚ್ಚಬೇಕು ಅಂತ ಕಲಂ 16 ಶಾಲೆಗೇ ಹೇಳುತ್ತದೆ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಯೂ ಸೇರಿ. ಶಾಲೆಗಳು ಪತ್ತೆ ಹಚ್ಚುತ್ತವೆ, ಇಲ್ಲ ಅನ್ನಲ್ಲ. ಮಗು ಸೋಮಾರಿ ಅಂತ ಪತ್ತೆ ಹಚ್ಚುತ್ತವೆ. ತಾಯಿ ಮೊಬೈಲ್ ಜಾಸ್ತಿ ಕೊಡುತ್ತಾಳೆ ಅಂತ ಪತ್ತೆ ಹಚ್ಚುತ್ತವೆ. ಅದೂ ಆಗಲಿಲ್ಲವೆಂದರೆ ಮೇಷ್ಟ್ರ ಅಣ್ಣನ ಮಗ ಇದ್ದೇ ಇದ್ದಾನೆ. ಆರು ವರ್ಷದ ತನಕ ಮಾತೇ ಆಡದೆ ಈಗ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಈ ಅಣ್ಣನ ಮಗ ಶಿರಾದಲ್ಲೂ ಇದ್ದಾನೆ, ತಿಪಟೂರಲ್ಲೂ ಇದ್ದಾನೆ, ಕುಣಿಗಲ್ಲಲ್ಲೂ ಇದ್ದಾನೆ. ಅವನೊಬ್ಬನಿಂದ ಎಷ್ಟು ಮಕ್ಕಳ ಎಷ್ಟು ವರ್ಷ ಹಾಳಾಯಿತೋ, ಅವನಿಗೇ ಗೊತ್ತಿಲ್ಲ ಪಾಪ.

ಕಲಿಕಾ ನ್ಯೂನತೆಗೆ ಸರ್ಟಿಫಿಕೇಟ್ ಸಿಗುವುದು 8 ತುಂಬಿದ ಮೇಲೆ. 14ಕ್ಕೆ ಮತ್ತೆ ಪರೀಕ್ಷೆ, 18ಕ್ಕೆ ಮತ್ತೆ. ನಡುವೆ ನ್ಯೂನತೆಯೇ ಬೇಜಾರಾಗಿ ಹೊರಟುಹೋಗಿರಬಹುದು, ಅಲ್ವಾ?

ಇನ್ನು ಅರ್ಜಿಯ ಕತೆ. ಈ ಕಾಯ್ದೆಯ 2017ರ ನಿಯಮದಲ್ಲಿ ಸರ್ಟಿಫಿಕೇಟ್ ಕೊಡಲು ಆಸ್ಪತ್ರೆಗೆ 1 ತಿಂಗಳ ಗಡುವಿತ್ತು. ಗಡುವು ತಪ್ಪುತ್ತಿದ್ದರೆ ಏನು ಮಾಡಬೇಕು? ಗಡುವನ್ನೇ ಹಿಗ್ಗಿಸಬೇಕು. 2024ರ ತಿದ್ದುಪಡಿಯಲ್ಲಿ ಅದು 3 ತಿಂಗಳಾಯಿತು. 2 ವರ್ಷ ದಾಟಿದರೂ ಅವರು ಏನೂ ತೀರ್ಮಾನಿಸದಿದ್ದರೆ ಅರ್ಜಿ ನಿಷ್ಕ್ರಿಯ, ನೀವು ಹೊಸದಾಗಿ ಹಾಕಬೇಕು. ನಿದ್ದೆ ಮಾಡಿದ್ದು ಅವರು, ಸತ್ತಿದ್ದು ನಮ್ಮ ಅರ್ಜಿ.

ಹಾಗಂತ ಕೈಕಟ್ಟಿ ಕೂರಬೇಡಿ. ಈ ಕಚೇರಿಗಳಿಗೆ ಒಂದು ಭಯ ಇದೆ, ಅದು ಬಿಳಿ ಹಾಳೆ. ಬಾಯಲ್ಲಿ ಹತ್ತು ಸಲ ಹೇಳಿದ್ದನ್ನು ಹಾಳೆಯಲ್ಲಿ ಒಂದು ಸಲ ಬರೆದು, ತಾರೀಕು ಹಾಕಿ, ಎರಡನೇ ಪ್ರತಿಗೆ ಸ್ವೀಕೃತಿಯ ಸೀಲು ಕೇಳಿ ನೋಡಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಕಲಂ 17ರಲ್ಲಿದೆ ಅಂತ ಸೇರಿಸಿ. ಅಲ್ಲಿಯ ತನಕ "ಬಾಮ್ಮ" ಅನ್ನುತ್ತಿದ್ದವರು "ಕೂತ್ಕೊಳಿ ಮೇಡಂ" ಅನ್ನುತ್ತಾರೆ. ಯಾವ ಲಾಯರ್ ಹತ್ರ ಹೋಗಿದ್ರಿ ಅಂತ ಪಿಸುಗುಟ್ಟಿ ಕೇಳುತ್ತಾರೆ. ತಾಲ್ಲೂಕಿನ ಬಿಇಒ ಕಚೇರಿಯ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಅನ್ನುವ ಶಿಕ್ಷಕರಿದ್ದಾರೆ, ಪಂಚಾಯ್ತಿಯಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಇದ್ದಾರೆ ಅನ್ನುವುದೂ ಆಗಲೇ ಎಲ್ಲರಿಗೂ ನೆನಪಾಗುತ್ತದೆ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ, ಅವರಿಗೆ ದೂರು ಕೊಡಿ. ದೂರು "ಸೂಕ್ತ ಕ್ರಮಕ್ಕಾಗಿ" ಇಳಿದಿಳಿದು ನೀವು ಮೊದಲು ನಿಂತಿದ್ದ ಅದೇ ಟೇಬಲ್ಲಿಗೆ ಬರಬಹುದು. ಬರಲಿ, ಈಗ ಅದರ ಮೇಲೆ ಒಂದು ನಂಬರಿದೆ.

ನನ್ನದೂ ಒಂದು ಅರ್ಜಿ ಇದೆ. ಮಕ್ಕಳನ್ನು ಅಳೆಯುವ ಕುರ್ಚಿಗಳಿಗೂ ಒಂದು ಪರೀಕ್ಷೆ ಇಡಿ. ಪ್ರಶ್ನೆ ಒಂದೇ, ಕಲಂ 16 ಮತ್ತು 17ನ್ನು ಜೋರಾಗಿ ಓದಿ ಅರ್ಥ ಹೇಳಿ. ಗಂಟೆಗೆ 20 ನಿಮಿಷ ಜಾಸ್ತಿ ಕೊಡೋಣ, ಬೇಕಾದರೆ ಬರೆದುಕೊಡಲು ಜನ ಕೊಡೋಣ, ನಮಗೇನು ಹೊಟ್ಟೆಕಿಚ್ಚಿಲ್ಲ. ಪಾಸಾದವರ ಸರ್ಟಿಫಿಕೇಟ್ ಮುಂದಿನ ವರ್ಗಾವಣೆಯ ತನಕ ಊರ್ಜಿತ. ಫೇಲಾದವರು ಬೇಜಾರು ಮಾಡಿಕೊಳ್ಳುವುದು ಬೇಡ, ಸುಮ್ನೆ ಮೊದಲ ಬಸ್ಸಿಗೆ ಪಾವಗಡದಿಂದ ಹೊರಟು ಬರಲಿ. ಪರೀಕ್ಷೆ ಮಾಡುವವರು ಅವತ್ತು ಬಂದಿದ್ದರೆ ನೋಡೋಣ.