ಮುಟ್ಟಿದ್ದು ಒಂದು, ಮುರಿದದ್ದು ಇನ್ನೊಂದು

"ಸರ್, ನಾನು ಏನೂ ಮುಟ್ಟಿಲ್ಲ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಂಬಿದ್ದು ಮಾತ್ರ ಕಡಿಮೆ. ನಿನ್ನೆ ರಾತ್ರಿ ನಂಬಬೇಕಾಯಿತು. ನಮ್ಮ ಟೀಮಿನ ಹುಡುಗ ಪ್ಲೇಬುಕ್ (ಸರ್ವರ್‌ಗಳನ್ನು ದೂರದಿಂದಲೇ ಸಜ್ಜು ಮಾಡುವ ಆನ್ಸಿಬಲ್ ಅನ್ನೋ ಟೂಲ್‌ಗೆ ಬರೆದಿಡುವ ಕೆಲಸಗಳ ಪಟ್ಟಿ) ಮುಟ್ಟಿರಲಿಲ್ಲ, ಸರ್ವರ್ ಮುಟ್ಟಿರಲಿಲ್ಲ. ಹೊಸ ಲ್ಯಾಪ್‌ಟಾಪ್ ಬಂತು ಅಂತ ಅದರಲ್ಲಿ, ಪೈಥಾನ್ ಭಾಷೆಯ ಪ್ಯಾಕೇಜ್‌ಗಳನ್ನು ತರುವ ಪಿಪ್‌ನಿಂದ ಆನ್ಸಿಬಲ್ ಹಾಕಿಕೊಂಡ, ಅಷ್ಟೇ. ಮೊನ್ನೆವರೆಗೆ ಸರಾಗವಾಗಿ ಓಡುತ್ತಿದ್ದ ಪ್ಲೇಬುಕ್ಕನ್ನೇ ಓಡಿಸಿದ. ರಾಕಿ ಲಿನಕ್ಸ್ 8 ಅನ್ನೋ ಆಪರೇಟಿಂಗ್ ಸಿಸ್ಟಮ್ ಇರುವ ಸರ್ವರ್‌ಗಳೆಲ್ಲ ಸಾಲಾಗಿ ಫೇಲಾಗಿ ಕೆಂಪಾದವು. ಅದೂ ಮೊದಲನೇ ಟಾಸ್ಕ್‌ನಲ್ಲೇ. 'ಸಿಂಟ್ಯಾಕ್ಸ್ ಎರರ್: ಫ್ಯೂಚರ್ ಫೀಚರ್ ಆನೋಟೇಶನ್ಸ್ ಈಸ್ ನಾಟ್ ಡಿಫೈನ್ಡ್.' ಫ್ಯೂಚರ್ ಗೊತ್ತಿಲ್ಲ ಅಂತ ಅದೇ ಒಪ್ಪಿಕೊಳ್ಳುತ್ತಿದೆ, ಪಾಪ.

ಆಗಿದ್ದು ಇಷ್ಟು. ಆನ್ಸಿಬಲ್ ತನ್ನ ಕೋಡನ್ನು ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಕಳಿಸಿ, ಅಲ್ಲಿರುವ ಪೈಥಾನ್‌ನಲ್ಲಿ ಓಡಿಸುತ್ತದೆ. ರಾಕಿ 8ರ ಸಿಸ್ಟಮ್ ಪೈಥಾನ್ 3.6. 2024ರಲ್ಲಿ ಬಂದ, ಆನ್ಸಿಬಲ್‌ನ ಮೂಲ ಭಾಗವಾದ ಕೋರ್ 2.17 ಈ 3.6ರ ಕೈ ಬಿಟ್ಟಿತು. ಹುಡುಗನ ಲ್ಯಾಪ್‌ಟಾಪ್‌ಗೆ ಹೊಸದು ಬಂತು. ನನ್ನದರಲ್ಲಿ ಹಳೆಯದೇ ಇತ್ತು. ಅದಕ್ಕೇ ನನಗೆ ಹಸಿರು, ಅವನಿಗೆ ಕೆಂಪು.

ಸರಿ, ಸರ್ವರ್‌ನಲ್ಲಿ ಪೈಥಾನ್ 3.11 ಹಾಕಿ ಅದನ್ನೇ ತೋರಿಸಿದರಾಯಿತು ಅಂದುಕೊಂಡೆ. ಮೊದಲ ಟಾಸ್ಕ್ ಪಾಸಾಯಿತು. ಹುಡುಗ ಚಪ್ಪಾಳೆ ತಟ್ಟಿಯೇಬಿಟ್ಟ. ಎರಡನೆಯದು ಡಿಎನ್‌ಎಫ್ (ರಾಕಿಯಲ್ಲಿ ಪ್ಯಾಕೇಜ್ ಹಾಕುವ ಟೂಲ್) ಟಾಸ್ಕ್, ಢಮಾರ್. ಡಿಎನ್‌ಎಫ್‌ನ ಪೈಥಾನ್ ಲೈಬ್ರರಿ ಆ ಸಿಸ್ಟಮ್‌ನಲ್ಲಿ 3.6ಕ್ಕೆ ಮಾತ್ರ ಇದೆ. ಅಲ್ಲಿಗೆ ಪ್ಯಾಕೇಜ್ ಹಾಕುವ ಕೆಲಸವೇ ನಿಂತಿತು. ಸರ್ವರ್‌ಗೆ ಪ್ಯಾಕೇಜ್ ಹಾಕಲಿ ಅಂತಲೇ ಅಲ್ವಾ ಸ್ವಾಮಿ ಈ ಟೂಲ್ ಇಟ್ಟುಕೊಂಡಿರೋದು?

"ಪೈಥಾನ್ 3.6ಕ್ಕೆ 2021ರ ಡಿಸೆಂಬರ್‌ನಲ್ಲೇ ಬೆಂಬಲ ನಿಂತಿದೆ, ಇನ್ನೆಷ್ಟು ದಿನ ಅದನ್ನು ಹೊತ್ಕೊಂಡು ತಿರುಗಬೇಕು?" ಅಂತ ಕೇಳುವವರಿದ್ದಾರೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಆ 3.6 ನಾನು ಶೋಕಿಗೆ ಇಟ್ಟುಕೊಂಡದ್ದಲ್ಲ. ಆಪರೇಟಿಂಗ್ ಸಿಸ್ಟಮ್ಮೇ ಅದರ ಮೇಲೆ ನಿಂತಿದೆ, ಮತ್ತು ಆ ಸಿಸ್ಟಮ್‌ಗೆ 2029ರವರೆಗೆ ಬೆಂಬಲ ಉಂಟು. ಮನೆ ಗಟ್ಟಿಯಾಗಿದೆ, ಬೀಗದ ಕೈ ಮಾತ್ರ ಬದಲಾಯಿಸಿದ್ದೇವೆ ಅಂದ ಹಾಗಾಯಿತು.

ಇದು ಮೊದಲ ಸಲವೂ ಅಲ್ಲ. 2022ರ ಫೆಬ್ರವರಿ ನೆನಪಿದೆಯಾ? ಮಾರ್ಕಪ್‌ಸೇಫ್ ಅನ್ನೋ ಚಿಕ್ಕ ಲೈಬ್ರರಿ 2.1 ಆವೃತ್ತಿಯಲ್ಲಿ ಒಂದೇ ಒಂದು ಫಂಕ್ಷನ್ ತೆಗೆದುಹಾಕಿತು, ಸಾಫ್ಟ್ ಯೂನಿಕೋಡ್ ಅಂತ. ಅದನ್ನೇ ನೆಚ್ಚಿಕೊಂಡಿದ್ದ, ಆನ್ಸಿಬಲ್ ಟೆಂಪ್ಲೇಟ್‌ಗಳಿಗೆ ಬಳಸುವ ಲೈಬ್ರರಿ ಹಳೇ ಜಿಂಜಾ 2.x ಬಿತ್ತು. ಜಿಂಜಾ ನೆಚ್ಚಿಕೊಂಡಿದ್ದ ನಮ್ಮ ಟೆಂಪ್ಲೇಟ್‌ಗಳೆಲ್ಲ ಬಿದ್ದವು. ಮುಂದಿನ ತಿಂಗಳು ಜಿಂಜಾ 3.1 ಬಂತು, ಹಳೇ ಆನ್ಸಿಬಲ್ಲೇ ಮಲಗಿತು. ಮಾರ್ಕಪ್‌ಸೇಫ್ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅದನ್ನು ನಾನು ಮುಟ್ಟುವುದಿರಲಿ, ಅದು ಇದೆ ಅಂತಲೇ ಗೊತ್ತಿರಲಿಲ್ಲ!

ಸರ್ವರ್ ಹೀಗೇ ಇರಬೇಕು, ಕೂದಲೆಳೆಯಷ್ಟೂ ಅತ್ತಿತ್ತ ಆಗಬಾರದು ಅಂತ ಕಾವಲು ಕಾಯುವ ಟೂಲ್ ಈ ಆನ್ಸಿಬಲ್. ತಾನು ಯಾವುದರ ಮೇಲೆ ನಿಂತಿದ್ದೇನೆ ಅಂತ ಅದಕ್ಕೇ ಗೊತ್ತಿಲ್ಲ. ಹಳೇ ಜಿಂಜಾ 'ಮಾರ್ಕಪ್‌ಸೇಫ್ 0.23 ಅಥವಾ ಅದಕ್ಕಿಂತ ಹೊಸದು ಯಾವುದಾದರೂ ಸರಿ' ಅಂತ ಬರೆದುಕೊಂಡಿತ್ತು. ಯಾವುದಾದರೂ ಸರಿ ಅಂದಮೇಲೆ ಯಾವುದೋ ಬಂತು.

ಈಗ ಹೇಳಲು ಸ್ವಲ್ಪ ನಾಚಿಕೆ. ಯಾವ ಆವೃತ್ತಿ ಬೇಕು ಅಂತ ಬರೆದಿಡುವ ನಮ್ಮ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲೂ ಆನ್ಸಿಬಲ್ ಮುಂದೆ >= (ಇದು ಅಥವಾ ಇದಕ್ಕಿಂತ ಹೊಸದು) ಅಂತಲೇ ಇದೆ. ಬರೆದವನು ನಾನೇ. ಮೇಲಿಂದ, ಡೆಪ್ರಿಕೇಶನ್ ವಾರ್ನಿಂಗ್‌ಗಳು ('ಇದನ್ನು ಮುಂದೆ ತೆಗೆಯುತ್ತೇವೆ' ಅನ್ನೋ ಎಚ್ಚರಿಕೆಗಳು) ಕಣ್ಣಿಗೆ ಚುಚ್ಚುತ್ತವೆ ಅಂತ ಕಾನ್ಫಿಗ್‌ನಲ್ಲಿ ಅವನ್ನು ಆಫ್ ಮಾಡಿದವನೂ ನಾನೇ. ಹುಡುಗನಿಗೆ ಇದನ್ನು ಇನ್ನೂ ಹೇಳಿಲ್ಲ. ಅವನೂ ಈ ಪೋಸ್ಟ್ ಓದುತ್ತಾನೆ, ಇರಲಿ.

ರಾತ್ರಿ ಒಂದೂವರೆಗೆ ಕೋರ್ 2.16ಕ್ಕೆ ವಾಪಸ್ ಹೋದೆವು. ಅದರ ಬೆಂಬಲ 2025ರ ಮೇ ತಿಂಗಳಿಗೇ ಮುಗಿದಿದೆ, ಅದು ಬೇರೆ ಸಂಕಟ. ಎಲ್ಲ ಹಸಿರಾಯಿತು. >= ಅಳಿಸಿ == (ಇದೊಂದೇ, ಬೇರೆ ಬೇಡ) ಬರೆಯಲು ಕೂತೆವು.

"ಸರ್, ಜಿಂಜಾಗೂ ಹಾಕ್ಬೇಕಾ?"

ಹಾಕು ಮಾರಾಯ. ಮಾರ್ಕಪ್‌ಸೇಫ್‌ಗೆ ಮೊದಲು ಹಾಕು.