ರಾತ್ರಿ ತಂಗುದಾಣ ಬಂದರೆ ಜಾಗ ಅಲ್ಲಿ ಮಲಗುವವರ ಪಾಲಾಗುತ್ತಾ?

“ಬಡಾವಣೆಯಲ್ಲಿ ವಸತಿರಹಿತರ ತಂಗುದಾಣಕ್ಕೆ ಒಪ್ಪಿಗೆ ಕೊಟ್ಟರೆ, ಮಲಗಿದವರಿಗೇ ಹಕ್ಕುಪತ್ರ! ಊರಾಚೆ ಕಟ್ಟಲಿ.” ಈ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರಬಹುದು.

ಸತ್ಯಾಂಶ ಬೇರೆ. ಅಲ್ಲಿ ಸಿಗುವುದು ಮಲಗೋಕೆ ಜಾಗ, ಹೊದಿಕೆ, ನೀರು, ಶೌಚಾಲಯ. ಒಡೆತನ ಅಲ್ಲ. ಎಷ್ಟೋ ಕಡೆ ಸುಮ್ನೆ ಖಾಲಿ ಬಿದ್ದಿದ್ದ ಸರ್ಕಾರಿ ಕಟ್ಟಡಕ್ಕೇ ಸುಣ್ಣಬಣ್ಣ ಬಳಿದಿರುತ್ತಾರೆ.

ಇನ್ನು ಊರಾಚೆ ಮಾತು. 2024ರವರೆಗೆ ನಡೆದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿದ್ದು ಉಲ್ಟಾ: ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಗಳ ಹತ್ತಿರವೇ ಇರಬೇಕು. ಕಾರಣ ಸರಳ. ಬೆಳಗಿನ ಜಾವ 3ಕ್ಕೆ ತರಕಾರಿ ಮೂಟೆ ಇಳಿಸುವ ಹಮಾಲಿ ಹತ್ತು ಕಿಲೋಮೀಟರ್ ಆಚೆ ಮಲಗಿ ಬರೋಕಾಗುತ್ತಾ? ಅಂಗಡಿ ಜಗಲಿ ಮೇಲೇ ಗೋಣಿಚೀಲ ಹಾಸಿಕೊಳ್ಳುತ್ತಾನೆ, ಅಲ್ವಾ?